ಭಾರೀ ಮಳೆಯ ಬಳಿಕ ಕಾರು ಸ್ಟಾರ್ಟ್ ಆಗದಿದ್ದರೆ

ರಾತ್ರಿಯಿಡೀ ಮಳೆ ಸುರಿದು ಬೆಳಗಾದಾಗ, ಮುಂಬಯಿಯ ಯಾವುದೇ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಒಂದೆರಡು ಕಾರುಗಳಾದರೂ ಮೊಂಡು ಹಿಡಿದು ನಿಂತಿರುವುದನ್ನು ಕಾಣಬಹುದು. ಕಚೇರಿಗೆ ಹೊತ್ತಾಗಿರುತ್ತದೆ, ಮಕ್ಕಳ ಶಾಲೆಯ ಚಿಂತೆಯಿರುತ್ತದೆ. ಮಾಲೀಕರು ಕೀಲಿಯನ್ನು ಮತ್ತೆ ಮತ್ತೆ ತಿರುವುತ್ತಾರೆ. ಸುತ್ತ ನೆರೆದವರಲ್ಲಿ ಒಬ್ಬರು ಬ್ಯಾಟರಿ ಎನ್ನುತ್ತಾರೆ, ಇನ್ನೊಬ್ಬರು ಪ್ಲಗ್ ಎನ್ನುತ್ತಾರೆ, ಮೂರನೆಯವರು ತಳ್ಳೋಣ ಎಂದು ತೋಳೇರಿಸುತ್ತಾರೆ. ಇವುಗಳಲ್ಲಿ ಯಾವುದು ಸರಿ ಎಂಬುದು ಒಂದೇ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಆ ಪ್ರಶ್ನೆಯನ್ನು ಕೀಲಿ ಮುಟ್ಟುವ ಮೊದಲೇ ಕೇಳಿಕೊಳ್ಳಬೇಕು: ಕಾರಿಗೆ ನೀರು ಮೇಲಿನಿಂದ ಬಂದುದೋ, ಕೆಳಗಿನಿಂದ ಬಂದುದೋ?

ಮೇಲಿನಿಂದ ಸುರಿದ ಮಳೆಯಲ್ಲಿ ನೆನೆದ ಕಾರಿನ ತೊಂದರೆ ಬಹುತೇಕ ಸಣ್ಣದು. ತೇವ, ದುರ್ಬಲ ಬ್ಯಾಟರಿ, ಇಲಿ ಕಡಿದ ತಂತಿ ಇತ್ಯಾದಿಗಳು ಕಾರಣವಾಗಿದ್ದು, ಸಾಮಾನ್ಯವಾಗಿ ಕೆಲವು ಸಾವಿರ ರೂಪಾಯಿಗಳೊಳಗೆ ಸರಿಹೋಗುತ್ತವೆ. ಕೆಳಗಿನಿಂದ ಏರಿದ ನೆರೆನೀರಿನಲ್ಲಿ ನಿಂತ ಕಾರಿನ ಕತೆ ಬೇರೆ. ಅಲ್ಲಿ ಕೀಲಿಯ ಒಂದೇ ತಿರುವು ಎಂಜಿನನ್ನೇ ಹಾಳುಗೆಡವಿ, ಲಕ್ಷ ರೂಪಾಯಿ ಮೀರಿದ ಖರ್ಚಿಗೆ ಗುರಿಮಾಡಬಲ್ಲದು. ಆದ್ದರಿಂದ ನಾವು ಈ ಎರಡನ್ನೂ ಬೇರೆಬೇರೆಯಾಗಿಯೇ ಇಲ್ಲಿ ವಿವರಿಸುತ್ತೇವೆ.

ರಾತ್ರಿ ನೀರು ಎಷ್ಟು ಏರಿತ್ತೆಂದು ನಿದ್ದೆಯಲ್ಲಿದ್ದವರಿಗೆ ತಿಳಿಯುವುದು ಹೇಗೆ? ನೀರು ಇಳಿದುಹೋದರೂ ಗುರುತು ಬಿಟ್ಟುಹೋಗುತ್ತದೆ. ಕಾಂಪೌಂಡು ಗೋಡೆಯ ಮೇಲೆ, ಟೈರಿನ ಮೇಲೆ, ಬಾಗಿಲಿನ ಕೆಳಭಾಗದಲ್ಲಿ ಕೆಸರಿನ ಗೆರೆ ಇದೆಯೇ ನೋಡಬೇಕು. ಬಾಗಿಲು ತೆರೆದು ಕಾರಿನೊಳಗಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಬೇಕು; ಮೇಲೆ ಒಣಗಿದಂತೆ ತೋರಿದರೂ ಅಡಿಯ ಫೋಮು ನೀರು ಹಿಡಿದಿಟ್ಟುಕೊಂಡಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ರಾತ್ರಿಪಾಳಿಯ ವಾಚ್‌ಮನ್‌ನನ್ನು ಕೇಳಬೇಕು. ಅವನಷ್ಟು ನಂಬಲರ್ಹ ಸಾಕ್ಷಿ ಇನ್ನೊಬ್ಬನಿಲ್ಲ.

ಗಾಲಿಯ ನಡುಮಧ್ಯಕ್ಕಿಂತ ಕೆಳಗೇ ನೀರು ನಿಂತಿದ್ದರೆ ಎಂಜಿನಿಗೆ ಅಪಾಯವಾಗಿರುವ ಸಂಭವ ಕಡಿಮೆ. ಕಾರಿನ ನೆಲಹಾಸನ್ನು ಮುಟ್ಟಿದ್ದರೆ ಸಂಶಯಿಸಬೇಕು. ಅದಕ್ಕೂ ಮೇಲೇರಿದ್ದರೆ ಕೀಲಿಯನ್ನು ಜೇಬಿನಲ್ಲೇ ಇರಿಸಿಕೊಳ್ಳಬೇಕು.

ನೆರೆನೀರು ಹೊಕ್ಕ ಎಂಜಿನು

ಎಂಜಿನಿನ ಸಿಲಿಂಡರಿನೊಳಗೆ ಪಿಸ್ಟನ್ನು ಮೇಲೆ ಬರುವಾಗ ಗಾಳಿಯನ್ನು ಒತ್ತಿ ಕುಗ್ಗಿಸುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. 1.2 ಲೀಟರಿನ ನಾಲ್ಕು ಸಿಲಿಂಡರುಗಳ ಸಾಧಾರಣ ಪೆಟ್ರೋಲ್ ಎಂಜಿನನ್ನು ತೆಗೆದುಕೊಳ್ಳೋಣ. ಒಂದೊಂದು ಸಿಲಿಂಡರಿನ ಪಾಲಿಗೆ 300 ಮಿಲಿಲೀಟರು ಬರುತ್ತದೆ. ಒತ್ತಡದ ಅನುಪಾತ ಹತ್ತಕ್ಕೆ ಒಂದು ಎಂದಿಟ್ಟುಕೊಂಡರೆ, ಪಿಸ್ಟನ್ನು ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಸುಮಾರು 33 ಮಿಲಿಲೀಟರು ಮಾತ್ರ. ಡೀಸೆಲ್ ಎಂಜಿನಿನಲ್ಲಿ ಒತ್ತಡ ಇನ್ನೂ ಹೆಚ್ಚು; 1.3 ಲೀಟರಿನ ಎಂಜಿನಿನಲ್ಲಿ ಆ ಜಾಗ ಸುಮಾರು 20 ಮಿಲಿಲೀಟರಿಗೆ ಇಳಿಯುತ್ತದೆ. ಎಂದರೆ ಒಂದೆರಡು ದೊಡ್ಡ ಚಮಚದಷ್ಟು ನೀರು ಸಿಲಿಂಡರಿನೊಳಗೆ ಸೇರಿದ್ದರೂ ಪಿಸ್ಟನ್ನಿಗೆ ಹೋಗಲು ದಾರಿಯಿಲ್ಲ. ಅದು ಅಲ್ಲೇ ತಡೆದು ನಿಲ್ಲುತ್ತದೆ, ಅದನ್ನು ಹೊತ್ತ ಕನೆಕ್ಟಿಂಗ್ ರಾಡು ಬಾಗುತ್ತದೆ. ಎಂಜಿನು ಓಡುತ್ತಿರುವಾಗಲೇ ನೀರು ನುಗ್ಗಿದರೆ ರಾಡು ಮುರಿದು ಎಂಜಿನಿನ ಬ್ಲಾಕನ್ನೇ ತೂತುಮಾಡಿ ಹೊರಬರುವುದೂ ಉಂಟು. ಇದನ್ನೇ ಮೆಕ್ಯಾನಿಕರು ಹೈಡ್ರೋಲಾಕ್ ಎಂದು ಕರೆಯುತ್ತಾರೆ.

ನೀರು ಒಳಗೆ ಹೋಗುವ ದಾರಿ ಗಾಳಿಯ ಕೊಳವೆ. ಹೆಚ್ಚಿನ ಕಾರುಗಳಲ್ಲಿ ಅದರ ಬಾಯಿ ಮುಂಭಾಗದ ಜಾಲರಿಯ ಹಿಂದೆ, ಹೆಚ್ಚುಕಡಿಮೆ ಮುಂದಿನ ದೀಪಗಳ ಎತ್ತರದಲ್ಲಿರುತ್ತದೆ. ನೀರು ಮೊಣಕಾಲ ಮಟ್ಟದಲ್ಲಿದೆ, ದಾಟಬಹುದೆಂದು ನಾವು ಲೆಕ್ಕ ಹಾಕುತ್ತಿರುವಾಗಲೇ ಪಕ್ಕದಲ್ಲಿ ಬೆಸ್ಟ್ ಬಸ್ಸೊಂದು ವೇಗವಾಗಿ ಸಾಗಿದರೆ ಅದೆಬ್ಬಿಸಿದ ಅಲೆ ಬಾನೆಟ್ಟಿನವರೆಗೆ ಏರುತ್ತದೆ. ಹಿಂದಮಾತಾ, ಕಿಂಗ್ಸ್ ಸರ್ಕಲಿನ ಗಾಂಧಿ ಮಾರ್ಕೆಟ್, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ ಮೊದಲಾದೆಡೆಗಳಲ್ಲಿ ಕಾರುಗಳು ಕೆಟ್ಟುನಿಂತದ್ದನ್ನು ಕಂಡವರಿಗೆ ಇದು ಹೊಸತಲ್ಲ.

ನೀರಿನ ನಡುವೆ ಎಂಜಿನು ತಾನಾಗಿಯೇ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ಯತ್ನಿಸಲೇಬಾರದು. ತಳ್ಳಿ ಸ್ಟಾರ್ಟ್ ಮಾಡುವುದೂ ಅಷ್ಟೇ ಅಪಾಯಕರ. ಪಿಸ್ಟನ್ನನ್ನು ಮೋಟಾರು ಎತ್ತಿದರೇನು, ಗಾಲಿ ಎತ್ತಿದರೇನು, ನೀರಿಗೆ ಎರಡೂ ಒಂದೇ. ಕಾರನ್ನು ನ್ಯೂಟ್ರಲ್‌ನಲ್ಲಿರಿಸಿ ಎತ್ತರದ ಜಾಗಕ್ಕೆ ತಳ್ಳಿಸಬೇಕು. ಅದು ಸಾಧ್ಯವಾಗದಿದ್ದರೆ ಕಾರನ್ನು ಬಿಟ್ಟು ಹೊರಟುಬಿಡಬೇಕು.

ಈ ಕೊನೆಯ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್. ಹಾಗಾಗಿ ದಕ್ಷಿಣ ಮುಂಬಯಿಯ ಕಚೇರಿಗಳಿಂದ ಹೊರಟವರಿಗೆ ಉಪನಗರಗಳಲ್ಲಿ ಏನು ಕಾದಿದೆಯೆಂಬ ಸುಳಿವೂ ಇರಲಿಲ್ಲ. ಅಂದು ನೀರು ಏರುತ್ತಿದ್ದರೂ ಕಾರು ಬಿಡಲೊಲ್ಲದೆ ಗಾಜು ಏರಿಸಿಕೊಂಡು ಕುಳಿತವರಲ್ಲಿ ಕೆಲವರು ಒಳಗೇ ಅಸುನೀಗಿದರು. 2017ರ ಆಗಸ್ಟ್ 29ರ ಮಳೆಯಲ್ಲಿಯೂ ಸಯನ್ ಬಳಿ ಅಂಥದೇ ಸಾವು ಸಂಭವಿಸಿತು. ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ 2023ರ ಮೇ 21ರಂದು ಕಾರು ಮುಳುಗಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ನೀರು ಬಾಗಿಲಿನ ಅರ್ಧದವರೆಗೆ ಏರಿತೆಂದರೆ ಹೊರಗಿನ ಒತ್ತಡದಿಂದ ಬಾಗಿಲು ತೆರೆಯುವುದು ಬಲು ಕಷ್ಟ. ವಿದ್ಯುತ್ ವ್ಯವಸ್ಥೆ ಕೆಟ್ಟರೆ ಬಾಗಿಲ ಬೀಗವೂ ಕಿಟಕಿಯ ಗಾಜೂ ಕೈಕೊಡಬಹುದು. ಆದ್ದರಿಂದ ಎಂಜಿನು ನಿಂತ ಕ್ಷಣವೇ, ಬ್ಯಾಟರಿ ಇನ್ನೂ ಜೀವಂತವಿರುವಾಗಲೇ, ಕಿಟಕಿಯ ಗಾಜುಗಳನ್ನು ಇಳಿಸಿ, ಬಾಗಿಲ ಬೀಗ ತೆರೆದು ಹೊರಬರಬೇಕು. ಗಾಜು ಒಡೆಯುವ ಚೂಪುಮೂತಿಯ ಸಣ್ಣ ಸುತ್ತಿಗೆಯೊಂದನ್ನು ಚಾಲಕನ ಕೈಗೆಟಕುವಲ್ಲಿ ಇರಿಸಿಕೊಳ್ಳುವುದು ಒಳ್ಳೆಯದು. ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಬೇಕು. ಮುಂದಿನ ದೊಡ್ಡ ಗಾಜು ಎರಡು ಪದರಗಳ ನಡುವೆ ಹಾಳೆಯಿಟ್ಟು ಮಾಡಿದ್ದಾದ್ದರಿಂದ ಬಿರುಕು ಬಿಡುತ್ತದೆಯೇ ಹೊರತು ದಾರಿ ಕೊಡುವುದಿಲ್ಲ.

ನೀರು ಇಳಿದ ಮೇಲೆ ಮಾಡಬೇಕಾದದ್ದು

ಮೊದಲು ಕಾರಿನ ಚಿತ್ರಗಳನ್ನು ತೆಗೆದಿರಿಸಿಕೊಳ್ಳಿ. ನೀರಿನ ಗೆರೆ, ನಂಬರ್ ಪ್ಲೇಟು, ಒಳಗಿನ ಕೆಸರು ಇವೆಲ್ಲ ಕಾಣುವಂತಿರಲಿ. ಬಳಿಕ ಬಾನೆಟ್ ತೆರೆದು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಡಿ. ದೀಪ ಉರಿಯುತ್ತದೋ, ರೇಡಿಯೋ ಹಾಡುತ್ತದೋ ಎಂಬ ಪರೀಕ್ಷೆಗೆ ಇಳಿಯಬೇಡಿ. ಇಂದಿನ ಕಾರುಗಳ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಒದ್ದೆಯಾಗಿದ್ದರೂ ಒಣಗಿದ ಮೇಲೆ ಬದುಕಿಕೊಳ್ಳಬಹುದು. ಒದ್ದೆಯಿರುವಾಗಲೇ ವಿದ್ಯುತ್ತು ಹರಿಸಿದರೆ ಅವುಗಳ ತಾಮ್ರದ ದಾರಿಗಳು ಕೊರೆದುಹೋಗುತ್ತವೆ. ಮುಂಬಯಿಯಲ್ಲಿ ಮಳೆಯ ಜೊತೆ ಭರತವೂ ಕೂಡಿಬಂದ ದಿನಗಳಲ್ಲಿ ಖಾಡಿಗಳ ಸಮೀಪದ ನೆರೆನೀರಿಗೆ ಉಪ್ಪು ಬೆರೆತಿರುತ್ತದೆ. ಉಪ್ಪುನೀರು ಹೊಕ್ಕ ಕಾರನ್ನು ಬಿಸಿಲಿಗೆ ಇಟ್ಟು ಒಣಗಿಸಿದರೆ ಸಾಲದು, ಸಿಹಿನೀರಿನಲ್ಲಿ ತೊಳೆಯಿಸಬೇಕಾಗುತ್ತದೆ.

ಮನೆಯಲ್ಲೇ ನೋಡಬಹುದಾದ ಎರಡು ಗುರುತುಗಳಿವೆ. ಏರ್ ಫಿಲ್ಟರಿನ ಪೆಟ್ಟಿಗೆಯನ್ನು ತೆರೆದು ನೋಡಿ; ಕ್ಲಿಪ್ಪು ಅಥವಾ ಸ್ಕ್ರೂಗಳನ್ನು ಬಿಚ್ಚಿದರೆ ಸಾಕು. ಫಿಲ್ಟರಿನ ಕಾಗದ ನೆನೆದಿದ್ದರೆ ಎಂಜಿನಿನೊಳಗೂ ನೀರು ಹೋಗಿರಬಹುದು. ಎಂಜಿನ್ ಆಯಿಲಿನ ಡಿಪ್‌ಸ್ಟಿಕ್ಕನ್ನು ಹೊರಗೆಳೆದು ನೋಡಿ. ಆಯಿಲು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಥವಾ ಅದರ ಮಟ್ಟ ಗುರುತಿಗಿಂತ ಮೇಲೇರಿದ್ದರೆ ನೀರು ಸೇರಿರುವುದು ಖಚಿತ. ಇವೆರಡೂ ಸರಿಯಿದ್ದರೂ ನೀರು ನೆಲಹಾಸು ದಾಟಿದ್ದ ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡೇ ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಆಟೋಮ್ಯಾಟಿಕ್ ಗೇರಿನ ಕಾರಾದರೆ ಚಾಲನೆಯ ಗಾಲಿಗಳು ನೆಲಕ್ಕೆ ತಾಗಿಕೊಂಡಿರುವಂತೆ ಎಳೆಯಬಾರದು, ಗೇರ್‌ಬಾಕ್ಸು ಕೆಡುತ್ತದೆ. ಇಡೀ ಕಾರನ್ನು ಮೇಲೇರಿಸಿಕೊಳ್ಳುವ ಚಪ್ಪಟೆ ಟ್ರಕ್ಕನ್ನೇ ಕರೆಸಬೇಕು.

ತಿಳಿದ ಮೆಕ್ಯಾನಿಕನು ಮಾಡುವ ಕೆಲಸದ ಕ್ರಮ ನಿಮಗೂ ಗೊತ್ತಿರಲಿ. ಪೆಟ್ರೋಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು, ಡೀಸೆಲ್‌ನಲ್ಲಿ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ಗುಗಳನ್ನು ಬಿಚ್ಚಿ, ಎಂಜಿನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೀರನ್ನು ಹೊರಹಾಕುತ್ತಾನೆ. ಆಯಿಲನ್ನೂ ಫಿಲ್ಟರನ್ನೂ ಬದಲಿಸಿ, ಸ್ವಲ್ಪ ಹೊತ್ತು ಓಡಿಸಿ, ಆ ಆಯಿಲನ್ನೂ ಚೆಲ್ಲಿ ಮತ್ತೆ ಹೊಸತು ತುಂಬುತ್ತಾನೆ. ಗೇರ್‌ಬಾಕ್ಸಿನ ಆಯಿಲು, ಬ್ರೇಕಿನ ದ್ರವ ಇವನ್ನೂ ನೋಡಬೇಕು. ಬಳಿಕ ಸೀಟು ಬಿಚ್ಚಿ ಕಾರ್ಪೆಟ್ ಹೊರಗೆ ತೆಗೆಯಬೇಕು. ಇದನ್ನು ಹಲವರು ದುಂದೆಂದು ಬಗೆದು ಬಿಟ್ಟುಬಿಡುತ್ತಾರೆ. ಮೂರು ತಿಂಗಳ ಬಳಿಕ, ದೀಪಾವಳಿಯ ಹೊತ್ತಿಗೆ, ಕಾರ್ಪೆಟ್ಟಿನಡಿಯ ತಂತಿಗಳ ಜೋಡಣೆಗಳಲ್ಲಿ ಹಸಿರು ಕಿಲುಬು ಹಿಡಿದು ಒಂದೊಂದೇ ಉಪಕರಣ ಮುಷ್ಕರ ಹೂಡುವಾಗ ಅದರ ಬೆಲೆ ತಿಳಿಯುತ್ತದೆ. ದೆಹಲಿ, ಚೆನ್ನೈ, ಮುಂಬಯಿಗಳ ಹಳೆಯ ಕಾರುಗಳ ಪೇಟೆಯಲ್ಲಿ ಮಳೆಗಾಲ ಮುಗಿದೊಡನೆ ಅಗ್ಗದ ಕಾರು ಕೊಳ್ಳುವವರು ಮೊದಲು ಸೀಟುಬೆಲ್ಟನ್ನು ಕೊನೆಯವರೆಗೆ ಹೊರಗೆಳೆದು ಕೆಸರಿನ ಕಲೆಯಿದೆಯೇ ಎಂದು ನೋಡುವುದೂ ಇದೇ ಕಾರಣಕ್ಕೆ.

ವಿಮೆಯ ಮಾತು

ಕಾನೂನಿನ ಪ್ರಕಾರ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯಲ್ಲಿ ನಮ್ಮ ಕಾರಿನ ನೆರೆಹಾನಿಗೆ ಚಿಕ್ಕಾಸೂ ಸಿಗದು. ಸ್ವಂತ ವಾಹನದ ಹಾನಿಯನ್ನೂ ಒಳಗೊಂಡ ಸಮಗ್ರ ಪಾಲಿಸಿಯಲ್ಲಿ ನೆರೆ, ಬಿರುಗಾಳಿ, ಜಲಾವೃತಗಳಿಂದಾದ ಹಾನಿಗೆ ರಕ್ಷಣೆಯಿದೆ. ಆದರೆ ನೀರು ಹೊಕ್ಕ ಬಳಿಕ ಎಂಜಿನನ್ನು ಸ್ಟಾರ್ಟ್ ಮಾಡಲು ಹೋಗಿ ರಾಡು ಬಾಗಿದರೆ, ಅದು ನೆರೆಯ ನೇರ ಹಾನಿಯಲ್ಲ, ಮಾಲೀಕನ ಕ್ರಿಯೆಯಿಂದಾದ ಪರಿಣಾಮಹಾನಿ ಎಂದು ಕಂಪೆನಿಗಳು ಕೈಚೆಲ್ಲುತ್ತವೆ. ಇದಕ್ಕೆಂದೇ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಪ್ರತ್ಯೇಕ ಪ್ರೀಮಿಯಂ ಪಡೆದು ಕೊಡುತ್ತಾರೆ. ತಗ್ಗು ಪ್ರದೇಶದಲ್ಲಿ ಅಥವಾ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸುವವರಿಗೆ ಇದು ವ್ಯರ್ಥ ಖರ್ಚಲ್ಲ. ಕಾರು ಹಳೆಯದಾದಂತೆ ಹೆಚ್ಚಿನ ಕಂಪೆನಿಗಳು ಈ ಸೌಲಭ್ಯವನ್ನು ನಿಲ್ಲಿಸುವುದರಿಂದ ನವೀಕರಣದ ಹೊತ್ತಿಗೆ ಕೇಳಿ ತಿಳಿದುಕೊಳ್ಳಬೇಕು.

ರಬ್ಬರು, ಪ್ಲಾಸ್ಟಿಕ್ಕಿನ ಭಾಗಗಳಿಗೂ ಬ್ಯಾಟರಿಗೂ ಸಾಮಾನ್ಯ ಪಾಲಿಸಿಯಲ್ಲಿ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ. ದುರಸ್ತಿಯ ಒಟ್ಟು ಖರ್ಚು ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಘೋಷಿತ ಮೌಲ್ಯದ ಶೇ. 75ನ್ನು ಮೀರಿದರೆ ಕಾರು ಪೂರ್ತಿ ನಷ್ಟವೆಂದು ಪರಿಗಣಿತವಾಗುತ್ತದೆ. ಯಾವುದೇ ಸಂದರ್ಭದಲ್ಲಿ, ಕಂಪೆನಿಗೆ ಬೇಗನೆ ತಿಳಿಸಿ, ಅವರ ಸರ್ವೇಯರ್ ಬಂದು ನೋಡುವವರೆಗೆ ಎಂಜಿನನ್ನು ಬಿಚ್ಚಿಸಕೂಡದು.

ಬರೀ ಮಳೆಯಲ್ಲಿ ನೆನೆದ ಕಾರು

ಇನ್ನು ನೀರು ನಿಲ್ಲದ ಜಾಗದಲ್ಲಿದ್ದು ಮಳೆಗಷ್ಟೇ ಮೈಯೊಡ್ಡಿದ ಕಾರಿನ ವಿಚಾರ. ಇಲ್ಲಿ ಧೈರ್ಯವಾಗಿ ಕೀಲಿ ತಿರುವಬಹುದು, ಆದರೆ ಕಿವಿಗೊಟ್ಟು ಕೇಳಬೇಕು. ಕಾರು ಯಾವ ಸದ್ದು ಮಾಡುತ್ತದೆ ಅಥವಾ ಮಾಡುವುದಿಲ್ಲ ಎಂಬುದರಲ್ಲೇ ಅರ್ಧ ರೋಗನಿದಾನ ಅಡಗಿದೆ.

ಸದ್ದೇ ಇಲ್ಲದಿದ್ದರೆ ಅಥವಾ ಟಕ್ ಟಕ್ ಟಕ್ ಎಂದು ಬೇಗಬೇಗನೆ ಬಡಿದುಕೊಂಡರೆ ಮುಂದಿನ ದೀಪಗಳನ್ನು ಹೊತ್ತಿಸಿ, ಇನ್ನೊಬ್ಬರನ್ನು ಎದುರಿಗೆ ನಿಲ್ಲಿಸಿ ಮತ್ತೊಮ್ಮೆ ಕೀಲಿ ತಿರುವಿ. ದೀಪ ಸೊರಗಿ ಆರಿಹೋಗುವಂತಾದರೆ ಬ್ಯಾಟರಿ ಬರಿದಾಗಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ. ದೀಪ ಮೊದಲಿನಂತೆಯೇ ಉರಿಯುತ್ತಿದ್ದು ಒಮ್ಮೆ ಮಾತ್ರ ಟಕ್ ಎಂದರೆ, ಅಥವಾ ಏನೂ ಕೇಳಿಸದಿದ್ದರೆ, ಸ್ಟಾರ್ಟರ್ ಮೋಟಾರು, ಅದರ ರಿಲೇ ಅಥವಾ ತಂತಿಯಲ್ಲಿ ದೋಷವಿದೆ. ಅದಕ್ಕೂ ಮೊದಲು ಗೇರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದೆಯೇ, ಕ್ಲಚ್ಚನ್ನೋ ಬ್ರೇಕನ್ನೋ ಪೂರ್ತಿ ಒತ್ತಿದ್ದೀರಾ ಎಂದು ನೋಡಿಕೊಳ್ಳಿ. ಇದನ್ನು ಮರೆತು ಮೆಕ್ಯಾನಿಕನನ್ನು ಕರೆಸಿದವರು ಬಹಳ ಮಂದಿ.

ಮಳೆಗಾಲದಲ್ಲಿ ಬ್ಯಾಟರಿ ಕೈಕೊಡುವುದೇಕೆ? ಮಳೆಯೇ ಬ್ಯಾಟರಿಯನ್ನು ಕೆಡಿಸುವುದಿಲ್ಲ. ಸಂಜೆ ದೀಪ, ವೈಪರ್, ಎಸಿ, ಹಿಂಗಾಜಿನ ಮಂಜು ನೀಗುವ ತಂತಿ ಎಲ್ಲವನ್ನೂ ಚಾಲೂ ಇಟ್ಟು ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಎರಡು ಗಂಟೆ ಆಮೆನಡಿಗೆಯಲ್ಲಿ ಬಂದರೆ, ಎಂಜಿನು ನಿಧಾನವಾಗಿ ತಿರುಗುತ್ತಿರುವುದರಿಂದ ಬ್ಯಾಟರಿಗೆ ತುಂಬುವುದಕ್ಕಿಂತ ಖರ್ಚಾಗುವುದೇ ಹೆಚ್ಚಾಗಬಹುದು. ಮೂರು ನಾಲ್ಕು ವರ್ಷ ಸವೆದ ಬ್ಯಾಟರಿ ಮರುದಿನ ಬೆಳಿಗ್ಗೆ ಏಳುವುದಿಲ್ಲ. ನೂರಿನ್ನೂರು ರೂಪಾಯಿಗಳ ಮಲ್ಟಿಮೀಟರಿನಿಂದ ಅಳೆದರೆ ಪೂರ್ಣ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿಳಿದರೆ ಬಹುತೇಕ ಖಾಲಿ. ಟರ್ಮಿನಲ್ಲಿನ ಮೇಲೆ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ತಂತಿ ಕಳಚಿ (ನೆಗೆಟಿವ್ ಮೊದಲು), ಅಡುಗೆಸೋಡ ಬೆರೆಸಿದ ಬಿಸಿನೀರಿನಿಂದ ಉಜ್ಜಿ, ಒರೆಸಿ, ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಮತ್ತೆ ಜೋಡಿಸುವಾಗ ನೆಗೆಟಿವ್ ಕೊನೆಗೆ.

ನೆರೆಯವರ ಕಾರಿನಿಂದ ಜಂಪ್ ಕೊಡುವಾಗಲೂ ಕ್ರಮವಿದೆ. ಕೆಂಪು ತಂತಿಯನ್ನು ಬರಿದಾದ ಬ್ಯಾಟರಿಯ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ ಸಿಕ್ಕಿಸಬೇಕು. ಕಪ್ಪು ತಂತಿಯನ್ನು ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ತುದಿಯನ್ನು ಕೆಟ್ಟ ಕಾರಿನ ಎಂಜಿನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ, ಸಿಕ್ಕಿಸಬೇಕು. ಬ್ಯಾಟರಿಯ ಮೇಲೇ ಕಿಡಿ ಹಾರಿದರೆ ಅದು ಹೊರಬಿಡುವ ಹೈಡ್ರೋಜನ್ ಹೊತ್ತಿಕೊಳ್ಳಬಹುದೆಂಬ ಮುಂಜಾಗ್ರತೆ ಇದು. ಐದು ನಿಮಿಷ ಕಾದು ಸ್ಟಾರ್ಟ್ ಮಾಡಿ. ಸ್ಟಾರ್ಟರನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸದೆ, ಮಧ್ಯೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು.

ಎಂಜಿನು ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ ಎಂಬುದು ಇನ್ನೊಂದು ಬಗೆ. ಪ್ರೀಮಿಯರ್ ಪದ್ಮಿನಿ, ಅಂಬಾಸಡರ್, ಹಳೆಯ ಮಾರುತಿ 800 ಓಡಿಸಿದ ಹಿರಿಯರಿಗೆ ಇದರ ಮದ್ದು ಬಾಯಿಪಾಠವಾಗಿದೆ: ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆರೆದು ಒಣಬಟ್ಟೆಯಿಂದ ಒರೆಸು, ಪ್ಲಗ್ ತಂತಿಗಳನ್ನು ಒರೆಸು, ಸ್ಟಾರ್ಟ್ ಮಾಡು. ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಗಳಿಂದ ಮರೆಯಾದವು, ಡಿಸ್ಟ್ರಿಬ್ಯೂಟರೂ ಹೊಸ ಕಾರುಗಳಲ್ಲಿಲ್ಲ. ಆದರೂ ತತ್ವ ಬದಲಾಗಿಲ್ಲ. ಇಂದು ಒಂದೊಂದು ಪ್ಲಗ್ಗಿನ ಮೇಲೂ ಒಂದೊಂದು ಇಗ್ನಿಷನ್ ಕಾಯಿಲ್ ಕುಳಿತಿರುತ್ತದೆ. ಅದರ ರಬ್ಬರು ಬಿರುಕುಬಿಟ್ಟಿದ್ದರೆ ಮತ್ತು ಪ್ಲಗ್ಗಿನ ಗುಂಡಿಯಲ್ಲಿ ನೀರು ನಿಂತಿದ್ದರೆ ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ. ಕಾಯಿಲ್‌ಗಳನ್ನು ಕಳಚಿ, ಗುಂಡಿಯ ನೀರನ್ನು ಬಟ್ಟೆಯಿಂದ ಹೀರಿ, ಕೂದಲು ಒಣಗಿಸುವ ಡ್ರೈಯರಿನ ಹದವಾದ ಬಿಸಿಗಾಳಿ ಹಾಯಿಸಿದರೆ ಹೆಚ್ಚಿನ ಸಲ ಕೆಲಸವಾಗುತ್ತದೆ. ಎಂಜಿನಿನ ಮೇಲೆ ಪೈಪಿನಿಂದ ರಭಸದ ನೀರು ಬಿಟ್ಟು ತೊಳೆಯುವವರು ಈ ತೊಂದರೆಯನ್ನು ಮಳೆಯಿಲ್ಲದೆಯೇ ತಂದುಕೊಳ್ಳುತ್ತಾರೆ.

ಹಲವು ಬಾರಿ ಯತ್ನಿಸಿ ಪೆಟ್ರೋಲಿನ ವಾಸನೆ ಬರತೊಡಗಿದರೆ ಪ್ಲಗ್ಗುಗಳು ಇಂಧನದಿಂದ ತೊಯ್ದಿವೆ ಎಂದರ್ಥ. ಹತ್ತು ನಿಮಿಷ ಬಿಟ್ಟು, ಎಕ್ಸಲರೇಟರನ್ನು ಪೂರ್ತಿ ಒತ್ತಿಹಿಡಿದು ಸ್ಟಾರ್ಟ್ ಮಾಡಿ. ಹೆಚ್ಚಿನ ಇಂಜೆಕ್ಷನ್ ಕಾರುಗಳಲ್ಲಿ ಹೀಗೆ ಮಾಡಿದಾಗ ಇಂಧನ ನಿಂತು ಗಾಳಿ ಮಾತ್ರ ಹೋಗುತ್ತದೆ. ವಾಸನೆಯೇ ಇಲ್ಲದಿದ್ದರೆ, ಕೀಲಿಯನ್ನು ಮೊದಲ ಹಂತಕ್ಕೆ ತಿರುವಿ ಹಿಂದಿನ ಸೀಟಿನ ಬಳಿ ಕಿವಿಗೊಡಿ. ಒಂದೆರಡು ಸೆಕೆಂಡು ಪಂಪು ಗುಂಯ್‌ಗುಟ್ಟಬೇಕು. ಗುಂಯ್‌ಗುಟ್ಟದಿದ್ದರೆ ಫ್ಯೂಸು ಅಥವಾ ರಿಲೇ ನೋಡಬೇಕು. ಕೀಲಿಯ ಚಿತ್ರವಿರುವ ದೀಪ ಮಿನುಗುತ್ತಲೇ ಇದ್ದರೆ ಕಾರು ಕೀಲಿಯನ್ನು ಗುರುತಿಸಿಲ್ಲ. ಕೊಡೆಯ ನೀರೋ ಒದ್ದೆ ಜೇಬೋ ಕೀಲಿಯೊಳಗಿನ ಚಿಕ್ಕ ಬ್ಯಾಟರಿಯನ್ನು ಕೆಡಿಸಿರಬಹುದು. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಹಲವು ಕಾರುಗಳಲ್ಲಿ ಕೀಲಿಯನ್ನು ಆ ಗುಂಡಿಗೇ ತಾಗಿಸಿ ಹಿಡಿದರೆ ಗುರುತಿಸಿಕೊಳ್ಳುತ್ತದೆ.

ಸಿಎನ್‌ಜಿ ಮತ್ತು ಇಂದಿನ ಪೆಟ್ರೋಲ್

ಮುಂಬಯಿ, ಪುಣೆ, ದೆಹಲಿಗಳಲ್ಲಿ ಸಿಎನ್‌ಜಿ ಕಾರುಗಳು ಹೆಚ್ಚಿರುವುದರಿಂದ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಅನಿಲವನ್ನು ಹೊತ್ತಿಸಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಹಾಗಾಗಿ ಪ್ಲಗ್ಗು, ಕಾಯಿಲ್‌ಗಳ ಸಣ್ಣ ದೌರ್ಬಲ್ಯವೂ ತೇವದ ದಿನಗಳಲ್ಲಿ ಸಿಎನ್‌ಜಿ ಕಾರಿನಲ್ಲೇ ಮೊದಲು ಪ್ರಕಟವಾಗುತ್ತದೆ. ಇನ್ನೊಂದೆಡೆ, ಇಂತಹ ಕಾರುಗಳಲ್ಲಿ ಹಲವು ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗಿ ಆಮೇಲೆ ಅನಿಲಕ್ಕೆ ಬದಲಾಗುತ್ತವೆ. ಮಾಲೀಕರು ಮಿತವ್ಯಯಕ್ಕೆಂದು ಟ್ಯಾಂಕಿನಲ್ಲಿ ಎರಡು ಲೀಟರು ಪೆಟ್ರೋಲನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟಿರುತ್ತಾರೆ.

ಈಗ ದೇಶದಾದ್ಯಂತ ಬಂಕುಗಳಲ್ಲಿ ಸಿಗುತ್ತಿರುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಎಥನಾಲ್ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥನಾಲೂ ನೀರೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಪಂಪು ಇಂಧನವನ್ನು ಹೀರುವುದು ತಳದಿಂದಲೇ. ಇಂಧನದ ಮುಚ್ಚಳದ ರಬ್ಬರು ಸವೆದಿದ್ದರೆ ಮಳೆನೀರು ಇಳಿಯಲು ಅದೇ ದಾರಿ. ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧಕ್ಕಿಂತ ಮೇಲೆ ತುಂಬಿಸಿಡುವುದು, ವಾರಕ್ಕೊಮ್ಮೆಯಾದರೂ ಕೆಲವು ಕಿಲೋಮೀಟರು ಪೆಟ್ರೋಲಿನಲ್ಲೇ ಓಡಿಸುವುದು ಇದಕ್ಕೆ ಪರಿಹಾರ. ಡೀಸೆಲ್ ಕಾರುಗಳ ಫಿಲ್ಟರಿನಡಿಯಲ್ಲಿ ನೀರು ಸಂಗ್ರಹವಾಗುವ ಬಟ್ಟಲಿರುತ್ತದೆ; ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಹತ್ತಿದರೆ ತಿರುಪನ್ನು ಸಡಿಲಿಸಿ ನೀರು ಬಿಡಿಸಬೇಕು.

ಮರದೆಲೆ, ಇಲಿ, ಹ್ಯಾಂಡ್ ಬ್ರೇಕು

ನೆರಳಿಗೆಂದು ಗುಲ್‌ಮೊಹರ್ ಅಥವಾ ಅರಳಿಮರದಡಿ ನಿಲ್ಲಿಸಿದ ಕಾರಿನ ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಎಲೆಗಳು ಕೊಳೆತು ಅಲ್ಲಿನ ನೀರಿನ ತೂತುಗಳನ್ನು ಮುಚ್ಚಿಬಿಡುತ್ತವೆ. ಆಗ ಮಳೆನೀರು ಹೊರಹೋಗದೆ ಕಾರಿನೊಳಕ್ಕೆ, ಫ್ಯೂಸ್ ಪೆಟ್ಟಿಗೆಯ ಕಡೆಗೆ, ಬ್ಲೋವರಿನೊಳಕ್ಕೆ ಹರಿಯುತ್ತದೆ. ಮುಂದಿನ ಪ್ರಯಾಣಿಕನ ಕಾಲಬುಡ ಮಾತ್ರ ಒದ್ದೆಯಾಗಿದ್ದು ಉಳಿದೆಲ್ಲ ಒಣಗಿದ್ದರೆ ಇದೇ ಕಾರಣವಿರಬಹುದೆಂದು ಶಂಕಿಸಬೇಕು. ಮೇ ತಿಂಗಳ ಕೊನೆಯಲ್ಲಿ ಹತ್ತು ನಿಮಿಷ ವ್ಯಯಿಸಿ ಆ ಎಲೆಗಳನ್ನು ತೆಗೆದರೆ ಸಾಕು.

ಬಿಲಗಳಿಗೆ ನೀರು ನುಗ್ಗಿದಾಗ ಇಲಿ ಹೆಗ್ಗಣಗಳು ಬೆಚ್ಚಗಿನ ಎಂಜಿನನ್ನು ಆಶ್ರಯಿಸುತ್ತವೆ. ತಂತಿ ಕಡಿದ ಗುರುತು, ಹಿಕ್ಕೆ ಕಂಡರೆ ಬೇರೆ ಕಾರಣ ಹುಡುಕಬೇಕಿಲ್ಲ. ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಎಲೆ ಕಟ್ಟಿದರೆ ಇಲಿ ಬರುವುದಿಲ್ಲವೆಂದು ಮುಂಬಯಿಯ ಡ್ರೈವರುಗಳು ದೃಢವಾಗಿ ನಂಬುತ್ತಾರೆ. ನಮಗೆ ಅಷ್ಟು ನಂಬಿಕೆಯಿಲ್ಲ, ಆದರೆ ಅದರಿಂದ ಕೇಡೂ ಇಲ್ಲ. ಕಾರನ್ನು ದಿನವೂ ಒಮ್ಮೆ ಕದಲಿಸುವುದು, ಕಸದ ಡಬ್ಬಿಯಿಂದ ದೂರ ನಿಲ್ಲಿಸುವುದು ಹೆಚ್ಚು ಉಪಯುಕ್ತ.

ಎಂಜಿನು ಸ್ಟಾರ್ಟ್ ಆಗಿಯೂ ಕಾರು ಕದಲದಿದ್ದರೆ ಹಿಂದಿನ ಬ್ರೇಕು ತುಕ್ಕಿನಿಂದ ಅಂಟಿಕೊಂಡಿದೆ. ಎಕ್ಸಲರೇಟರ್ ಒತ್ತಿ ಜಗ್ಗಾಡಬೇಡಿ. ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಕದಲಿಸಿದರೆ ಹೆಚ್ಚಾಗಿ ಟಪ್ ಎಂದು ಬಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಹಾಕದೆ, ಮೊದಲ ಗೇರಿನಲ್ಲಿರಿಸಿ ಗಾಲಿಗೆ ಕಲ್ಲು ಕೊಡುವ ಹಳೆಯ ಪದ್ಧತಿಯೇ ಲೇಸು.

ಎಲೆಕ್ಟ್ರಿಕ್ ಕಾರುಗಳು

ಎಲೆಕ್ಟ್ರಿಕ್ ಕಾರಿಗೆ ಗಾಳಿಯ ಕೊಳವೆಯಿಲ್ಲ, ಹೈಡ್ರೋಲಾಕಿನ ಭಯವೂ ಇಲ್ಲ. ಅದು ಚಾಲೂ ಆಗದಿರಲು ಬಹಳ ಸಲ ಕಾರಣ, ಎಲ್ಲ ಕಾರುಗಳಲ್ಲಿರುವಂತಹ ಸಾಮಾನ್ಯ 12 ವೋಲ್ಟಿನ ಸಣ್ಣ ಬ್ಯಾಟರಿ ಬರಿದಾಗಿರುವುದು. ಆದರೆ ನೆರೆನೀರಿನಲ್ಲಿ ನಿಂತ ಎಲೆಕ್ಟ್ರಿಕ್ ಕಾರನ್ನು ಮಾಲೀಕರು ಮುಟ್ಟಬಾರದು. ದೊಡ್ಡ ಬ್ಯಾಟರಿಗೆ ಹೆಚ್ಚಿನ ಕಂಪೆನಿಗಳು ಹೇಳುವ ಐಪಿ 67 ಎಂಬ ಮಟ್ಟದ ಅರ್ಥ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ತಡೆದೀತೆಂದಷ್ಟೇ. ರಾತ್ರಿಯಿಡೀ ಖಾಡಿಯ ಉಪ್ಪುನೀರಿನಲ್ಲಿ ನಿಲ್ಲುವುದಕ್ಕೆ ಅದು ಭರವಸೆಯಲ್ಲ. ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮುಟ್ಟದೆ, ಚಾರ್ಜಿಗೆ ಹಾಕದೆ, ಕಟ್ಟಡದಿಂದ ದೂರದ ಬಯಲಿಗೆ ಟ್ರಕ್ಕಿನಲ್ಲಿ ಸಾಗಿಸಿ ಕಂಪೆನಿಯವರನ್ನೇ ಕರೆಸಬೇಕು. ನೀರು ಹೊಕ್ಕ ಬ್ಯಾಟರಿ ದಿನಗಳ ಬಳಿಕವೂ ಹೊತ್ತಿಕೊಂಡ ಉದಾಹರಣೆಗಳಿವೆ.

ಊರಿಗೆ ಹೊರಟವರಿಗೆ

ನಾಗರಪಂಚಮಿ, ಅಷ್ಟಮಿ, ಚೌತಿಗಳಿಗೆ ಕಾರಿನಲ್ಲೇ ಉಡುಪಿ ಮಂಗಳೂರಿಗೆ ಹೊರಡುವ ಕುಟುಂಬಗಳು ನಮ್ಮಲ್ಲಿ ಅನೇಕ. ರಾಷ್ಟ್ರೀಯ ಹೆದ್ದಾರಿ 66 ಮಹಾಡ್, ಚಿಪಳೂಣ್‌ಗಳ ಮೂಲಕವೇ ಹಾಯುತ್ತದೆ. 2021ರ ಜುಲೈ 22ರ ನೆರೆಯಲ್ಲಿ ಈ ಎರಡೂ ಊರುಗಳು ಮುಳುಗಿದ್ದವು. ಭಾರೀ ಮಳೆಯ ಮುನ್ಸೂಚನೆಯಿದ್ದ ದಿನ ಪುಣೆ, ಬೆಳಗಾವಿ ಮಾರ್ಗ ಹಿಡಿಯುವುದೋ ಒಂದು ದಿನ ತಡವಾಗಿ ಹೊರಡುವುದೋ ಮೇಲು. ಊರಿನ ಅಂಗಳದಲ್ಲಿ ವಾರಗಟ್ಟಲೆ ಮಳೆಗೆ ನಿಲ್ಲಿಸಿದ ಕಾರಿನ ಬ್ಯಾಟರಿ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ಮೂರು ನಾಲ್ಕು ದಿನಗಳಿಗೊಮ್ಮೆ ಅರ್ಧ ಗಂಟೆ ಓಡಿಸಿ ಬರಬೇಕು. ಒಂದು ಜೊತೆ ಜಂಪರ್ ತಂತಿ, ಬಳಸದ ಎರಡು ಫ್ಯೂಸು, ಟಾರ್ಚು, ಒಣಬಟ್ಟೆ, ಎಳೆಯುವ ಹಗ್ಗ, ವಿಮಾ ಪಾಲಿಸಿಯ ಪ್ರತಿ ಇಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿರಿಸಿಕೊಳ್ಳಿ. ಗಾಜು ಒಡೆಯುವ ಸುತ್ತಿಗೆ ಮಾತ್ರ ಡಿಕ್ಕಿಯಲ್ಲಿ ಬೇಡ, ಚಾಲಕನ ಬಾಗಿಲ ಜೇಬಿನಲ್ಲಿರಲಿ.